ಹದಿನಾಲ್ಕನೇ ಕಾಲಂ

ಮನೆ ತನಿಖೆಯವನು ಹನ್ನೊಂದಕ್ಕೆ ಬರುತ್ತೇನೆಂದು ಚೀಟಿ ಕಳಿಸಿ ಹತ್ತಕ್ಕೇ ಬಂದದ್ದು ಬೇಕೆಂದೇ ಎನ್ನುವುದರಲ್ಲಿ ಅರ್ಜಿ ಬರೆಯುವವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ವಸತಿ ಕಚೇರಿಯ ಗೇಟಿನ ಪಕ್ಕ ಮಡಚುವ ಮೇಜು ಹಾಕಿಕೊಂಡು ಕೂತು, ಅರ್ಜಿ ಬರೆಸಲು ಬಂದವರಿಗೆಲ್ಲ ಹನ್ನೆರಡು ವರ್ಷಗಳಿಂದ ಇದೇ ಮಾತನ್ನು ಹೇಳುತ್ತ ಬಂದವನು ಅವನು: 'ಅವರು ಹೇಳಿದ ಹೊತ್ತಿಗೆ ಬರೋದಿಲ್ಲಮ್ಮ, ಒಂದು ಗಂಟೆ ಮುಂಚೇನೇ ಬರ್ತಾರೆ, ಸಿಕ್ಕಿಬೀಳಲಿ ಅಂತಾನೇ ಬರ್ತಾರೆ, ಹುಷಾರಾಗಿರಿ.' ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದಾಗ ಅವನು ಕಿಟಕಿಗೆ ಆನಿಸಿದ ಕನ್ನಡಿಯ ಮುಂದೆ ಅರ್ಧ ಮುಖ ಬೋಳಿಸಿಕೊಂಡು ನಿಂತಿದ್ದ. ಹೆಂಡತಿ ಓಡಿಬಂದಳು. ಅವನ ಕೈಯಿಂದ ರೇಜರು ಕಿತ್ತುಕೊಂಡಳು, ಅವನ ಬಟ್ಟೆಬರೆ ತುಂಬಿದ್ದ ಚೀಲದೊಳಗೆ ಅದನ್ನು ತುರುಕಿದಳು, ಚೀಲವನ್ನು ಅವನ ಎದೆಗೆ ಒತ್ತಿ ಬಾಗಿಲು ತೆರೆದು ಹಿಡಿದಳು. ಬೆಕ್ಕನ್ನು ಹೊರಗೆ ಹಾಕುವಾಗಲಾದರೂ 'ಹೋಗು' ಅನ್ನುತ್ತಾರೆ ಎಂದುಕೊಳ್ಳುತ್ತ ಅವನು ವರಾಂಡಕ್ಕೆ ಬಿದ್ದ. ಎಡಕ್ಕೆ ಮೆಟ್ಟಿಲು, ಮೆಟ್ಟಿಲಲ್ಲಿ ಬೂಟು. ಬಲಕ್ಕೆ, ಅವರ ಮನೆಯ ಗೋಡೆಗೇ ಅಂಟಿಕೊಂಡು, ಆ ಮಹಡಿಯ ನಾಲ್ಕೂ ಮನೆಗೆ ಸೇರಿದ ಒಂದೇ ಒಂದು ಪಾಯಿಖಾನೆ. ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಒಳಗೆ ಕತ್ತಲೆಯೂ ಅಲ್ಲ, ಬೆಳಕೂ ಅಲ್ಲ. ತಲೆಯ ಮಟ್ಟಕ್ಕೆ ಒಂದು ಗವಾಕ್ಷಿ, ಅದರಾಚೆ ಎರಡು ಕಟ್ಟಡಗಳ ನಡುವಿನ ಸಂದಿ, ಅದೇ ಸಂದಿಗೆ ಮೂರಡಿ ಆಚೆ ತೆರೆದುಕೊಂಡಿದ್ದ ಅವರ ಅಡಿಗೆಮೂಲೆಯ ಕಿಟಕಿ. ಈ ಗೋಡೆಯ ದೆಸೆಯಿಂದಲೇ ಆ ಮನೆಯನ್ನು ಬೇರೆ ಯಾರೂ ಹಿಡಿಯದೆ ಅದು ಇವರ ಪಾಲಿಗೆ ಬಂದದ್ದು. ಒಂಬತ್ತು ವರ್ಷದಿಂದ ಆ ಮಹಡಿಯ ಅಷ್ಟೂ ಜನರ ಕೆಮ್ಮು, ತಿಣುಕಾಟ, ನೀರು ಸುರಿಯುವ ಸದ್ದು ನೇರವಾಗಿ ಅವರ ಊಟದ ತಟ್ಟೆಗೇ ಬಂದು ಬೀಳುತ್ತಿತ್ತು. ಬಂದ ಹೊಸತರಲ್ಲಿ ಹೆಂಡತಿ ಒಮ್ಮೆ, ಆ ಕಿಟಕಿಗೆ ಒಂದು ಹಲಗೆ ಹೊಡೆಸಿ ಎಂದಿದ್ದಳು. ಇವತ್ತು ನಾಳೆ ಎಂದು ಅದು ಹಾಗೇ ಉಳಿಯಿತು. ವಸತಿ ಕಚೇರಿಯವರು ಮನೆ ಹಂಚುವಾಗ ಗಾಳಿಯಾಡದ ಮನೆಯಲ್ಲಿರುವವರಿಗೆ ಎರಡು ಅಂಕ ಹೆಚ್ಚು ಕೊಡುತ್ತಾರೆಂದು ಆಮೇಲೆ ತಿಳಿದಾಗ, ಹಲಗೆ ಹೊಡೆಸಬೇಕಿತ್ತು ಎಂದು ಅವನು ಕೈ ಕೈ ಹಿಸುಕಿಕೊಂಡಿದ್ದ. ಈಗ ಅದೇ ದಾರಿಯಲ್ಲಿ ಅವರ ಮನೆಯ ಸದ್ದು ಇಲ್ಲಿಗೆ ಬರುತ್ತಿತ್ತು. ಕುರ್ಚಿ ಎಳೆದದ್ದು, ಕಾಗದ ಬಿಡಿಸಿದ್ದು, ಮಂಚದ ಮೇಲೆ ಅಮ್ಮ ಮಗ್ಗುಲಾದದ್ದು. ತನಿಖೆಯವನ ಗಂಟಲು ಅವನಿಗೆ ಗೊತ್ತಿದ್ದದ್ದೇ. ಗೇಟಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯಲು ಬಂದಾಗಲೆಲ್ಲ ಇವನು ಎದ್ದು ನಿಂತು ನಮಸ್ಕಾರ ಹೇಳಿದರೆ, ಆ ಮನುಷ್ಯ ಗದ್ದವನ್ನು ಒಂದಿಷ್ಟು ಎತ್ತಿ ಇಳಿಸುತ್ತಿದ್ದ, ಅಷ್ಟೆ. ಇವನ ಹೆಸರೇನೆಂದು ಆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಇವನು ಅರ್ಜಿಯಣ್ಣ. ಆದರೆ ಮುಖ ಎಲ್ಲರಿಗೂ ಗೊತ್ತು. ಆ ಮುಖ ಈ ವರಾಂಡದಲ್ಲಿ, ಅರ್ಧ ಸೋಪು ಹಚ್ಚಿಕೊಂಡು, ಎದೆಗೆ ಚೀಲ ಅವುಚಿಕೊಂಡು ಕಂಡಿತೋ, ಎಲ್ಲ ಮುಗಿದಂತೆ.

ಉಪಾಯ ಅವನದೇ. ಕಾಯುವವರ ಪಟ್ಟಿಯಲ್ಲಿ ಒಂಬತ್ತು ವರ್ಷದ ಹಿಂದೆ ಅವರ ನಂಬರು ಆರುನೂರ ಎಪ್ಪತ್ತಿತ್ತು, ಈಗ ಆರುನೂರ ಹನ್ನೆರಡು. ಬಾಡಿಗೆ ನೆರವು ಕೇಳಿದ ಅರ್ಜಿ ಮೂರು ಸಲ ತಿರುಗಿಬಂದಿತ್ತು. ಊರ ಜನರಿಗೆಲ್ಲ ಮನೆ ಕೊಡಿಸಿದವನ ಅರ್ಜಿ! ಮೊದಲ ಸಲ ಬಂದಾಗ ಅವನು ಅದನ್ನು ಯಾರಿಗೂ ತೋರಿಸದೆ ಹರಿದು ನುಂಗಿಬಿಡಬೇಕು ಅನ್ನುವಷ್ಟು ನಾಚಿದ್ದ. ಕಟ್ಟಡದ ಮಾಲೀಕ ಇದನ್ನು ಕೆಡವಿ ಹೊಸದು ಕಟ್ಟುತ್ತೇನೆಂದು ಎಲ್ಲ ಬಾಗಿಲಿಗೂ ನೋಟೀಸು ಅಂಟಿಸಿ ಎರಡು ತಿಂಗಳಾಗಿತ್ತು. ತಿಂಗಳ ಕೊನೆಗೆ ನೀರು ನಿಲ್ಲಿಸುತ್ತಾನಂತೆ. ಹಾಗಿರುವಾಗ, ಗಂಡ ಬಿಟ್ಟುಹೋದ ಹೆಂಗಸು, ಜೊತೆಗೆ ಒಬ್ಬ ಮುದುಕಿ, ಶಾಲೆಗೆ ಹೋಗುವ ಮಗಳು ಎಂದಾದರೆ ಬೇರೆಯೇ ಪಟ್ಟಿ, ಆ ಪಟ್ಟಿಯಲ್ಲಿ ಅವರ ನಂಬರು ನಾಲ್ಕು. ಬಿಟ್ಟುಹೋದದ್ದಕ್ಕೆ ಒಂದು ಅಫಿಡವಿಟ್ಟು ಸಾಕು. ಆದರೆ ಅವನು ಹೆಮ್ಮೆಪಟ್ಟದ್ದು ಅದಕ್ಕಲ್ಲ, ಹದಿನಾಲ್ಕನೇ ಕಾಲಮ್ಮಿಗೆ. ಅರ್ಜಿಯ ಕೊನೆಯ ಪುಟದಲ್ಲಿ, ಯಾರೂ ಓದದ ಜಾಗದಲ್ಲಿ ಅದಿತ್ತು: ಬಿಟ್ಟುಹೋದ ಗಂಡ ಮುಂದೆ ತಿರುಗಿ ಬಂದಲ್ಲಿ ಅವನನ್ನು ಮನೆಯಲ್ಲಿ ಸೇರಿಸಿಕೊಳ್ಳಲು ಅರ್ಜಿದಾರಳ ಒಪ್ಪಿಗೆ ಇದೆಯೇ? ತನಿಖೆಯ ದಿನ ಕೇಳಿ ತುಂಬಿಸುವ ಕಾಲಂ. ಹೌದು ಎಂದರೆ ಒಂದು ಅಂಕವೂ ಕಡಿಮೆಯಾಗುವುದಿಲ್ಲ. ಆರು ತಿಂಗಳಾದ ಮೇಲೆ ಗಂಡನ ಹೆಸರನ್ನು ತೆಪ್ಪಗೆ ಸೇರಿಸಿಕೊಳ್ಳಬಹುದು. ಇಲ್ಲ ಎಂದರೆ, ಆಮೇಲೆ ಅವನು ಆ ಮನೆಯಲ್ಲಿ ಒಂದು ದಿನ ಕಂಡರೂ ಮನೆ ರದ್ದು. ಹಾವೂ ಸತ್ತು ಕೋಲೂ ಮುರಿಯದೆ ಆಗುವ ಕೆಲಸ ಇದು ಎಂದು ಹೆಂಡತಿಗೆ ಎಂಟು ಸಲ ವಿವರಿಸಿದ್ದ. ಮಿಕ್ಕಿದ್ದೆಲ್ಲ ಮರೆತರೂ ಚಿಂತೆಯಿಲ್ಲ, ಇದೊಂದು ಮರೆಯಬೇಡ, ಹೌದು ಅನ್ನು. ಅವಳು ಪಾತ್ರೆ ಒರೆಸುತ್ತ 'ನಿಮ್ಮಿಷ್ಟ' ಎಂದಿದ್ದಳು. ಅವಳ ಆ 'ನಿಮ್ಮಿಷ್ಟ' ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಪ್ಪಿಗೆಯನ್ನು ಅಷ್ಟು ತಣ್ಣಗೆ ಕೊಡಲು ಯಾವ ಹೆಂಗಸಿಗೂ ಅಧಿಕಾರವಿಲ್ಲ ಅನ್ನಿಸುತ್ತಿತ್ತು.

ನಿನ್ನೆ ಸಂಜೆ ಮನೆಯಲ್ಲಿ ಅವನ ಗುರುತು ಇರದಂತೆ ಮಾಡಬೇಕೆಂದು ಅವನೇ ಹೇಳಿದ್ದು. ದೊಡ್ಡ ಕೆಲಸ, ಅರ್ಧ ದಿನವಾದರೂ ಬೇಕು ಎಂದುಕೊಂಡಿದ್ದ. ಹೆಂಡತಿ ಮೊಳೆಯಿಂದ ಎರಡು ಅಂಗಿ ತೆಗೆದಳು, ಮಂಚದ ಕೆಳಗಿಂದ ಚಪ್ಪಲಿ, ಗೂಟದಿಂದ ಟವೆಲು, ಕಪಾಟಿನ ಮೇಲಿಂದ ಪೆನ್ನುಗಳ ಡಬ್ಬ. ಮಗಳು ಹೋಂವರ್ಕು ಮಾಡುತ್ತಿದ್ದವಳು ತಲೆಯೆತ್ತಿ, 'ಅಪ್ಪನ ಹಲ್ಲುಜ್ಜೋ ಬ್ರಷ್ಷು' ಎಂದು ನೆನಪಿಸಿದಳು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹತ್ತೊಂಬತ್ತು ವರ್ಷದ ಸಂಸಾರ ಒಂದು ಕೈಚೀಲಕ್ಕೆ ಹಿಡಿಸಿ ಇನ್ನೂ ಜಾಗ ಉಳಿದಿತ್ತು. ಅವನು ಇನ್ನೇನಾದರೂ ಬಿಟ್ಟುಹೋಗಿದೆಯೇ ಎಂದು ಸುತ್ತ ನೋಡಿದ್ದ, ಬಿಟ್ಟುಹೋಗಿರಲಿ ಎಂಬ ಆಸೆಯಿಂದ. ಮನೆ ಹೇಗಿತ್ತೋ ಹಾಗೇ ಇತ್ತು. ಅವನ ಅಂಗಿ ತೂಗುತ್ತಿದ್ದ ಮೊಳೆ ಕೂಡ ಅವಳ ಸೀರೆ ಸಿಕ್ಕಿಸಲು ಒದಗಿತು. ಈಗ ಆ ಚೀಲವನ್ನು ಒದ್ದೆ ನೆಲದ ಮೇಲೆ ಇಡಲಾರದೆ ಕೊರಳಿಗೆ ನೇತುಹಾಕಿಕೊಂಡು ನಿಂತಿದ್ದ. ಎಡಗೆನ್ನೆಯಲ್ಲಿ ಸೋಪು ಒಣಗಿ ಚರ್ಮ ಎಳೆಯುತ್ತಿತ್ತು.

'ಎಷ್ಟು ಜನ ಇದೀರಮ್ಮ?' ತನಿಖೆಯವನ ಧ್ವನಿ.

'ಮೂರು. ನಾನು, ಮಗಳು, ಅತ್ತೆ.'

ಒಂದು ಕ್ಷಣವೂ ತಡವರಿಸದೆ ಹೇಳಿದಳು. ಶಹಬ್ಬಾಸ್ ಎನ್ನಬೇಕಾದ ಜಾಗದಲ್ಲಿ ಅವನು ಮುಖ ಸಿಂಡರಿಸಿದ. ಒಂದಿಷ್ಟು ಯೋಚಿಸಿಯಾದರೂ ಹೇಳಬಹುದಿತ್ತು.

'ಅತ್ತೆ ಅಂದ್ರೆ ಅವನ ತಾಯಿ ಅಲ್ವಾ? ಮಗ ಬಿಟ್ಟುಹೋದ್ರೂ ತಾಯಿ ನಿಮ್ಮ ಹತ್ರಾನೇ ಇದಾರಾ?'

'ಮತ್ತೆ ಅವರನ್ನ ಯಾರು ನೋಡ್ಕೋಬೇಕು?'

'ಅವನು ಹೋಗಿ ಎಷ್ಟು ದಿನ ಆಯ್ತು?'

'ಒಂಬತ್ತು ವರ್ಷ.'

ಅವನು ಗವಾಕ್ಷಿಯ ಸರಳು ಹಿಡಿದುಕೊಂಡ. ಹದಿನಾಲ್ಕು ತಿಂಗಳು, ದರಿದ್ರದವಳೇ, ಹದಿನಾಲ್ಕು ತಿಂಗಳು! ಎಷ್ಟು ಸಲ ಬಾಯಿಪಾಠ ಮಾಡಿಸಿದ್ದ. ಆಚೆ ತನಿಖೆಯವನು ಹಾಳೆ ತಿರುವಿದ.

'ಇಲ್ಲಿ ಹದಿನಾಲ್ಕು ತಿಂಗಳು ಅಂತ ಬರೆದಿದೆ?'

'ಹೌದಾ? ಹಾಗಾದ್ರೆ ಹದಿನಾಲ್ಕು ತಿಂಗಳೇ ಇರಬೇಕು. ದಿನ ಎಣಿಸ್ತಾ ಕೂತಿರಲಿಲ್ಲ.'

'ಹೋಗ್ಲಿ. ಕುಡೀತಿದ್ನಾ?'

'ಇಲ್ಲ.'

'ಹೊಡೀತಿದ್ನಾ?'

'ಇಲ್ಲ.'

'ಇನ್ನೊಬ್ಬಳು ಯಾರಾದ್ರೂ?'

'ಅವರಿಗಾ?' ಎಂದಳು. ಆ ಒಂದು ಮಾತಿನಲ್ಲಿ ಇದ್ದ ನಗುವಿಗೆ ಅವನ ಕಿವಿ ಬಿಸಿಯಾಯಿತು. ತನಿಖೆಯವನು ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು.

'ಏನಮ್ಮ ನೀವು? ಇಲ್ಲಿ ನೋಡಿದ್ರೆ ಕುಡಿತ, ಹೊಡೆತ, ಪರಸ್ತ್ರೀ ಅಂತ ಪುಟ ತುಂಬಾ ಇದೆ.'

'ಬರೆದವರು ಬರೆದಿದಾರೆ. ಅವರಿಗೆ ತಿಳಿದಿದ್ದು ಅಷ್ಟು.'

'ಯಾರು, ಗೇಟ್ ಹತ್ರ ಕೂರ್ತಾನಲ್ಲ, ಆ ಅರ್ಜಿಯಣ್ಣಾನಾ?' ತನಿಖೆಯವನು ಜೋರಾಗಿ ನಕ್ಕ. 'ಮುತ್ತು ಪೋಣಿಸಿದ ಹಾಗೆ ಬರೀತಾನೆ ಕಣಮ್ಮ, ಆದ್ರೆ ಅವನ ಅರ್ಜೀಲಿ ಎಲ್ಲಾ ಗಂಡಂದಿರೂ ಒಂದೇ ಥರ ಹೊಡೀತಾರೆ. ಮಂಗಳವಾರ ಒಂದು ಓದಿದ್ರೆ ಶುಕ್ರವಾರದ್ದು ಓದೋದೇ ಬೇಡ.'

ಅವನು ಸರಳಿನ ಮೇಲಿನ ಹಿಡಿತ ಬಿಟ್ಟ. ಕುಡಿತ, ಹೊಡೆತ, ಪರಸ್ತ್ರೀ. ನಾನೂರು ಸಲವಾದರೂ ಬರೆದಿದ್ದಾನು ಅದನ್ನು. ಅಳುತ್ತ ಬಂದ ಹೆಂಗಸರು ತಮ್ಮ ಗಂಡಂದಿರ ಬಗ್ಗೆ ಏನೇನೋ ಹೇಳುತ್ತಿದ್ದರು, ಒಬ್ಬಳು ಗಂಡ ತನ್ನ ಚಪ್ಪಲಿ ಅಡಗಿಸಿಡುತ್ತಾನೆ ಎಂದಿದ್ದಳು, ಇನ್ನೊಬ್ಬಳು ತಾನು ಹಾಡಿದರೆ ಗಂಡ ಎದ್ದು ಹೋಗುತ್ತಾನೆ ಎಂದಿದ್ದಳು. ಅದೆಲ್ಲ ಕಚೇರಿಗೆ ಬೇಡಮ್ಮ ಎಂದು ಅವನು ಅದೇ ಮೂರನ್ನು ಬರೆಯುತ್ತಿದ್ದ. ಹೋದ ತಿಂಗಳು ಅದೇ ಮೂರನ್ನು ತನ್ನ ಹೆಸರಿನ ಕೆಳಗೆ ಬರೆದಾಗ ಮಾತ್ರ ಸ್ವಲ್ಪ ಖುಷಿಯಾಗಿತ್ತು. ಅಷ್ಟು ಗಂಡಸುತನ ತನ್ನ ಮೇಲೆ ಯಾರೂ ಹೊರಿಸಿರಲಿಲ್ಲ.

'ಸರಿ ಮತ್ತೆ, ಏನು ಮಾಡಿದ?' ತನಿಖೆಯವನು ಕೇಳುತ್ತಿದ್ದ. 'ಏನಾದ್ರೂ ಮಾಡಿರಬೇಕಲ್ಲ. ನಾನೇನು ಬರ್ಕೊಳ್ಳಲಿ?'

ಆಚೆ ಅವಳ ಬಳೆ ಸದ್ದಾಯಿತು. ಈಗ ಇವಳು ಅತ್ತರೂ ಸಾಕು, ಅಳುವುದಕ್ಕೂ ಕಚೇರಿಯಲ್ಲಿ ಬೆಲೆಯಿದೆ ಎಂದುಕೊಂಡ. ಅವಳು ಅಳಲಿಲ್ಲ. ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಓದುವ ಧ್ವನಿಯಲ್ಲಿ ಶುರುಮಾಡಿದಳು.

'ಏಳು ವರ್ಷದ ಹಿಂದೆ ನಮ್ಮಪ್ಪ ಹೋದ್ರು. ಬೆಳಗ್ಗೆ ಆರೂವರೆಗೆ ತಮ್ಮ ಫೋನ್ ಮಾಡಿದ್ದ. ಇವರು ಎತ್ಕೊಂಡ್ರು. ಅವತ್ತು ನಿಮ್ಮ ಪಟ್ಟಿಯವರ ಹಾಜರಿ ದಿನ. ಹೆಸರು ನನ್ನದು, ನಾನೇ ಬಂದು ಸಹಿ ಹಾಕ್ಬೇಕು, ಹಾಕದಿದ್ರೆ ಹೆಸರು ಹೊಡೀತೀರ. ಇವರು ನನಗೆ ಹೇಳಲಿಲ್ಲ. ತಿಂಡಿ ತಿಂದ್ರು. ನೀನೂ ತಿನ್ನು, ಹೊತ್ತಾಗುತ್ತೆ ಅಂದ್ರು. ಯಾವತ್ತೂ ತಿನ್ನು ಅಂದವರಲ್ಲ, ಅವತ್ತು ಅಂದ್ರು. ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಇನ್ನೊಂದಿಷ್ಟು ಹಾಕ್ಕೊಂಡೆ. ಐದು ಗಂಟೆ ಕ್ಯೂನಲ್ಲಿ ನಿಂತೆ. ಸಹಿ ಆಯ್ತು. ಆಮೇಲೆ ಗೇಟಿನ ಹತ್ರ ಬಂದು, ನಿಮ್ಮಪ್ಪ ಹೋದ್ರಂತೆ, ಈಗ ತಾನೇ ಫೋನ್ ಬಂತು ಅಂದ್ರು. ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿಸಿ ಕೈ ತೊಳ್ಕೊಂಡಿದ್ರು.'

'ಬೆಳಗ್ಗೇನೇ ಗೊತ್ತಿತ್ತು ಅಂತ ನಿಮಗೆ ಹೇಗೆ ತಿಳೀತು?'

'ತಮ್ಮ ಕೇಳ್ದ. ಬೆಳಗ್ಗೆ ಆರೂವರೆಗೇ ಹೇಳಿದ್ರೂ ಯಾಕಕ್ಕಾ ಇಷ್ಟೊತ್ತು ಮಾಡಿದೆ ಅಂತ.'

'ನೀವೇನಂದ್ರಿ?'

'ಕ್ಯೂ ಇತ್ತು ಅಂದೆ. ಅವತ್ತಿಂದ ನನ್ನ ತಮ್ಮ ನನ್ನ ಹತ್ರ ಮಾತಾಡಿಲ್ಲ' ಎಂದಳು.

ಏಳು ವರ್ಷ. ಏಳು ವರ್ಷದಿಂದ ಅವಳಿಗೆ ಗೊತ್ತಿತ್ತು. ಗೊತ್ತಿಟ್ಟುಕೊಂಡೇ ಅನ್ನ ಬಡಿಸಿದ್ದಳು, ಅಂಗಿ ಒಗೆದಿದ್ದಳು, ಪಕ್ಕದಲ್ಲಿ ಮಲಗಿದ್ದಳು, 'ನಿಮ್ಮಿಷ್ಟ' ಎಂದಿದ್ದಳು. ಅವನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಮೋಸ ಹೋದವನ ಸಿಟ್ಟು. ತಾನು ಅಷ್ಟು ಜೋಪಾನವಾಗಿ ಮುಚ್ಚಿಟ್ಟದ್ದನ್ನು ಇವಳು ಅಷ್ಟೇ ಜೋಪಾನವಾಗಿ ಕಾಯ್ದುಕೊಂಡು ಬಂದು ಇವತ್ತು ಒಬ್ಬ ಪರಗಂಡಸಿನ ಮುಂದೆ, ಗದ್ದ ಎತ್ತಿ ಇಳಿಸುವ ಆ ದುರಹಂಕಾರಿಯ ಮುಂದೆ ಬಿಚ್ಚಿಟ್ಟಳಲ್ಲ. ಆ ಬೆಳಗ್ಗೆ ಅವನಿಗೆ ಚೆನ್ನಾಗಿ ನೆನಪಿತ್ತು. ಫೋನು ಹಿಡಿದುಕೊಂಡು ವರಾಂಡದ ತುದಿಗೆ, ಇದೇ ಬಾಗಿಲಿನ ಎದುರಿಗೆ ಬಂದು ನಿಂತಿದ್ದ. ಭಾವಮೈದುನ ಆ ಕಡೆ ಬಿಕ್ಕುತ್ತಿದ್ದ. ಇವನು ಹೂಂ ಹೂಂ ಎನ್ನುತ್ತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ: ಬಸ್ಸಿಗೆ ಮೂರು ಗಂಟೆ, ಹಾಜರಿಗೆ ತಪ್ಪಿದರೆ ಎರಡು ವರ್ಷ ಕಾದದ್ದು ನೀರಿನಲ್ಲಿ ಹೋಮ, ಹೋದವರು ಹೇಗೂ ಹೋದರು, ಮಧ್ಯಾಹ್ನ ಹೋದರೂ ಅವರು ಅಲ್ಲೇ ಇರುತ್ತಾರೆ. ಅಲ್ಲೇ ಇರುತ್ತಾರೆ ಎಂದು ನಿಜವಾಗಿ ನಂಬಿದ್ದನೇ? ನಂಬಿದ್ದೆ ಎಂದು ಏಳು ವರ್ಷದಿಂದ ತನಗೆ ತಾನೇ ಹೇಳಿಕೊಂಡಿದ್ದ. ಒಳಗೆ ಬಂದಾಗ ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು, ಯಾರ ಫೋನು ಎಂದು ಕೇಳಿದಳು. ಯಾರೋ ಅರ್ಜಿಯವರು ಎಂದ. ನೀನೂ ತಿನ್ನು ಎಂದಾಗ ಅವಳು ತಿರುಗಿ ನೋಡಿದ ಆ ನೋಟ ಈಗ, ಈ ಗಬ್ಬು ಗೂಡಿನಲ್ಲಿ, ಮೊದಲ ಸಲ ಅವನಿಗೆ ಅರ್ಥವಾಯಿತು. ಅದು ಸಂತೋಷವಂತೆ. ಅವಳು ಅಗಿಯುತ್ತಿದ್ದಾಗ ಅವಳ ದವಡೆಯನ್ನೇ ನೋಡುತ್ತ, ಇವಳ ಅಪ್ಪ ಸತ್ತಿದ್ದಾನೆ, ಇವಳು ತಿನ್ನುತ್ತಿದ್ದಾಳೆ ಎಂದುಕೊಂಡದ್ದೂ ನೆನಪಾಯಿತು. ಅಲ್ಲ, ಆದರೆ ಹೇಳಿದ್ದರೆ? ಹೆಸರು ಹೊಡೆದುಹಾಕುತ್ತಿರಲಿಲ್ಲವೇ? ಯಾರಿಗಾಗಿ ಮಾಡಿದೆ ನಾನು ಅದನ್ನು, ಯಾರಿಗಾಗಿ! ಎಂದು ಗವಾಕ್ಷಿಯೊಳಗೆ ಕೂಗಬೇಕೆನ್ನಿಸಿತು. ಕೂಗಲು ಬಾಯಿ ತೆರೆದೂ ಇದ್ದ. ಬಾಯೊಳಗೆ ಸೋಪಿನ ಪುಡಿ ಉದುರಿತು.

ತನಿಖೆಯವನು ಪೆನ್ನು ಎತ್ತಿಕೊಂಡಿರಬೇಕು. 'ಇದನ್ನ ಎಲ್ಲಿ ಹಾಕೋದಮ್ಮ,' ಎಂದು ತನ್ನಷ್ಟಕ್ಕೆ ಗೊಣಗಿದ. 'ಮಾನಸಿಕ ಅಂತ ಹಾಕ್ತೀನಿ. ಹೊಡೆತಕ್ಕೆ ಎಷ್ಟು ಅಂಕವೋ ಅದಕ್ಕೂ ಅಷ್ಟೇ.' ಆಮೇಲೆ ಧ್ವನಿ ಎತ್ತರಿಸಿ ಅಮ್ಮನ ಕಡೆ ತಿರುಗಿದ. 'ಏನಜ್ಜೀ, ಮಗ ಹೇಗಿದ್ದ?'

ಅಮ್ಮನಿಗೆ ಅವನು ಹೇಳಿಕೊಟ್ಟದ್ದು ಬರೀ ಅಳು ಎಂದು. ಅಮ್ಮ, 'ಚಿಕ್ಕವನಿದ್ದಾಗ ಚೆನ್ನಾಗಿದ್ದ' ಎಂದಳು.

'ಈಗ?'

'ಈಗ ಕಾಣಿಸೋದಿಲ್ಲ.'

ಕಣ್ಣಿಗೆ ಪೊರೆ ಬಂದವಳ ಮಾತು ಎಂದು ಅವನು ಸಮಾಧಾನ ಹೇಳಿಕೊಂಡ.

'ಆಯ್ತು. ಇನ್ನೊಂದೇ ಇರೋದು. ಹದಿನಾಲ್ಕನೇದು,' ಎಂದ ತನಿಖೆಯವನು.

ಅವನು ಚೀಲವನ್ನು ಬೆನ್ನಿಗೆ ತಳ್ಳಿ, ತುದಿಗಾಲಲ್ಲಿ ನಿಂತು, ಬೋಳಿಸಿದ ಕೆನ್ನೆಯನ್ನು ಗವಾಕ್ಷಿಯ ತುಕ್ಕಿಗೆ ಒತ್ತಿದ. ಮೈಯೆಲ್ಲ ಕಿವಿಯಾಯಿತು. ಅಷ್ಟರಲ್ಲಿ ಬೆನ್ನ ಹಿಂದೆ ಬಾಗಿಲು ಬಡಿದರು.

'ಯಾರ್ರೀ ಒಳಗೆ? ಸ್ವಲ್ಪ ಬೇಗ.'

ಡ್ರಿಲ್ ಮೇಷ್ಟ್ರು. ಮೂರನೇ ಮನೆಯವರು. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಎದೆ ಮುಂದೆ, ಹೊಟ್ಟೆ ಒಳಗೆ ಎಂದು ಕವಾಯತು ಮಾಡಿಸಿದವರು, ಈಗಲೂ ವರಾಂಡದಲ್ಲಿ ಹೆಜ್ಜೆ ಎಣಿಸಿದಂತೆ ನಡೆಯುವವರು. ಹೋದ ವರ್ಷ ಆಪರೇಷನ್ ಆದಮೇಲೆ ಅವರಿಗೆ ಮೂತ್ರ ತಡೆಯುತ್ತಿರಲಿಲ್ಲ. ಅವರು ಬರುತ್ತಿದ್ದರೆಂದರೆ ಆ ಮಹಡಿಯ ಮಕ್ಕಳು ಕೂಡ ಅರ್ಧಕ್ಕೆ ಎದ್ದು ಹೊರಗೆ ಬರುತ್ತಿದ್ದರು. 'ಅಪ್ಪಾ, ಯಾರಾದ್ರೂ ಆಗ್ಲಿ, ತುಂಬಾ ಅವಸರ ಆಗಿದೆ.' ಕೆಮ್ಮಿದರೂ ತನಿಖೆಯವನಿಗೆ ಕೇಳುತ್ತದೆ. ತೆರೆದರೆ ನಾಲ್ಕು ಹೆಜ್ಜೆಯಾಚೆ ಮನೆಯ ಬಾಗಿಲು ಹಾರುಹೊಡೆದಿದೆ. ಅವನು ಉಸಿರು ಬಿಗಿಹಿಡಿದು ಚಿಲಕವನ್ನು ಕೈಯಿಂದ ಒತ್ತಿಕೊಂಡ, ಎಲ್ಲಿ ತಾನೇ ಕಳಚಿಕೊಳ್ಳುತ್ತದೋ ಎಂಬಂತೆ. ಮೇಷ್ಟ್ರು ಎರಡೂ ಕೈಯಲ್ಲಿ ಬಡಿಯತೊಡಗಿದರು. ಗವಾಕ್ಷಿಯ ಆಚೆ ಹೆಂಡತಿ ಏನೋ ಹೇಳುತ್ತಿದ್ದಳು, ಧ್ವನಿ ಏರಿ ಇಳಿದದ್ದು ತಿಳಿಯುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಸಾಯಿ ಮುದುಕ, ಒಂದು ನಿಮಿಷ ಸುಮ್ಮನಿರು, ಒಂದೇ ನಿಮಿಷ ಎಂದು ಅವನು ಹಲ್ಲು ಕಚ್ಚಿ ಬೇಡಿಕೊಂಡ. ಬಡಿತ ನಿಂತಿತು. ಬಾಗಿಲಿನಾಚೆ ಒಂದು ಸಣ್ಣ ನಿಟ್ಟುಸಿರು, ಆಮೇಲೆ ಸಿಮೆಂಟಿನ ಮೇಲೆ ನೀರು ಬೀಳುವ ಸದ್ದು, ಬಹಳ ಹೊತ್ತು. ಬಾಗಿಲ ಸಂದಿನಿಂದ ಅದು ಒಳಗೂ ಹರಿದುಬಂತು. ಅವನಿಗೆ ಕಾಲು ಹಿಂದೆಗೆಯಲು ಜಾಗವಿರಲಿಲ್ಲ.

'ಅಯ್ಯೋ ಮೇಷ್ಟ್ರೇ! ಬನ್ನಿ, ಬನ್ನಿ, ಪರವಾಗಿಲ್ಲ. ಕೈ ಕೊಡಿ ಇಲ್ಲಿ.' ಹೆಂಡತಿ ಹೊರಗೆ ಬಂದಿದ್ದಳು. ಹಿಂದೆಯೇ ಬೂಟು.

'ಎಷ್ಟು ಜನಕ್ಕಮ್ಮ ಈ ಒಂದು?' ತನಿಖೆಯವನು ಈಗ ಬಾಗಿಲಿನ ಎದುರಿಗೇ ಇದ್ದ.

'ಹದಿನೇಳು.'

'ಬರ್ಕೋತೀನಿ.'

ಹತ್ತಕ್ಕಿಂತ ಹೆಚ್ಚಾದರೆ ಮೂರು ಅಂಕ. ಅವನ ತಲೆ ಅದನ್ನು ತಾನಾಗಿ ಹೇಳಿತು, ಅವನು ಕೇಳಿರಲಿಲ್ಲ. ಆ ಮುದುಕನ ಮಾನ ಹೋಗಿ ಇನ್ನೂ ನೆಲ ಒದ್ದೆಯಾಗಿರುವಾಗಲೇ ಮೂರು ಅಂಕ ಎಂದುಕೊಂಡ ತನ್ನ ತಲೆಯನ್ನು ಗೋಡೆಗೆ ಚಚ್ಚಬೇಕೆನ್ನಿಸಿತು. ಆದರೂ ಅದು ಒಟ್ಟು ಎಷ್ಟಾಯಿತು ಎಂದು ಕೂಡುತ್ತಲೇ ಇತ್ತು.

'ಒಳಗೆ ಯಾರಿದಾರೆ?'

'ಯಾರೂ ಇಲ್ಲ,' ಎಂದಳು ಹೆಂಡತಿ. 'ಚಿಲಕ ಕೆಟ್ಟಿದೆ. ಒಂದೊಂದು ಸಲ ತಾನೇ ಬಿದ್ದುಬಿಡುತ್ತೆ.'

'ನೋಡಮ್ಮ, ಹದಿನಾಲ್ಕನೇದಕ್ಕೆ ನೀವು ಹೇಳಿದ್ದನ್ನ ನನ್ನ ಪುಸ್ತಕದಲ್ಲಿ ಬರ್ಕೊಂಡಿದೀನಿ. ಅರ್ಜೀಲಿ ಮಾತ್ರ ಮೊದಲಿಂದ ಬರೆದವನ ಹತ್ರಾನೇ ಬರೆಸಿ. ಎರಡು ಕೈಬರಹ ಕಂಡ್ರೆ ಯಾರೋ ತಿದ್ದಿದಾರೆ ಅಂತ ಮೇಲಿನವರು ವಾಪಸ್ ಕಳಿಸ್ತಾರೆ. ನನ್ನ ಪುಸ್ತಕಕ್ಕೂ ಅರ್ಜಿಗೂ ತಾಳೆ ಬೀಳಬೇಕು, ಅದೊಂದು. ಮಧ್ಯಾಹ್ನ ಒಂದು ಗಂಟೆಗೆ ಕೌಂಟರ್ ಮುಚ್ತಾರೆ, ಅಷ್ಟರೊಳಗೆ ಕೊಟ್ಟುಬಿಡಿ, ನಾಳೆಗೆ ಬಿಡಬೇಡಿ. ಮನೆ ನಿಮಗೆ ಆಗುತ್ತೆ.'

ಬೂಟು ಮೆಟ್ಟಿಲಿಳಿದು ಹೋಯಿತು. ಅವನು ನೂರರವರೆಗೆ ಎಣಿಸಿ ಚಿಲಕ ತೆಗೆದ. ಹೆಂಡತಿ ಸೀರೆ ಎತ್ತಿಕಟ್ಟಿಕೊಂಡು ಬಕೆಟ್ಟಿನ ನೀರು ಹಾಕಿ ವರಾಂಡ ತೊಳೆಯುತ್ತಿದ್ದಳು, ಅವನ ಕಾಲಿಗೂ ಒಂದು ಚೆಂಬು ಸುರಿದಳು. ಮೂರನೇ ಮನೆಯ ಬಾಗಿಲು ತೆರೆದಿತ್ತು. ಒಳಗೆ ಸ್ಟೂಲಿನ ಮೇಲೆ ಡ್ರಿಲ್ ಮೇಷ್ಟ್ರು ಇವನ ಹೆಂಡತಿ ಕೊಟ್ಟ ಟವೆಲು ಸುತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪಾಯಿಖಾನೆಯಿಂದ ಹೊರಬಂದವನನ್ನು ನೋಡಿದರು. ಮುಖ, ಚೀಲ, ಮತ್ತೆ ಮುಖ. ಬೈಯುತ್ತಾರೆ ಎಂದು ಅವನು ಕಾದ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ನಿಧಾನವಾಗಿ ಗೋಡೆಯ ಕಡೆ ತಿರುಗಿ ಕೂತರು.

'ನಾಟಕ ಚೆನ್ನಾಗೇ ಆಡಿದೆ,' ಎಂದ ಅವನು ಮನೆಯೊಳಗೆ ಬಂದು, ಎಲ್ಲಿಂದಾದರೂ ಶುರುಮಾಡಬೇಕಿತ್ತು. 'ಒಂಬತ್ತು ವರ್ಷ ಅಂತ ಯಾಕಂದೆ? ಎಲ್ಲಾ ಕೆಡಿಸ್ತಿದ್ದೆ. ಆಮೇಲೆ ಅದೇನು, ನಿಮ್ಮಪ್ಪನ ವಿಷಯ... ಅದನ್ನೆಲ್ಲ ಯಾಕೆ ಅವನ ಮುಂದೆ?' ಅವನ ಧ್ವನಿ ಅವನಿಗೇ ಸಣ್ಣದಾಗಿ ಕೇಳಿಸಿತು. 'ನಾನು ಯಾರಿಗೋಸ್ಕರ ಮಾಡಿದ್ದು ಹೇಳು. ಅವತ್ತು ಹೆಸರು ಹೊಡೆದಿದ್ರೆ ಇವತ್ತು ಈ ಮನೆ ಎಲ್ಲಿಂದ ಬರ್ತಿತ್ತು?'

ಹೆಂಡತಿ ಕೈ ಒರೆಸಿಕೊಂಡು ಅರ್ಜಿಯನ್ನು ಮಂಚದ ತುದಿಯ ಮೇಲೆ ಇಟ್ಟಳು, ಕೊನೆಯ ಪುಟ ಮೇಲಕ್ಕೆ. ಅವನ ಕೊರಳಿನ ಚೀಲದೊಳಗೇ ಕೈ ಹಾಕಿ ಪೆನ್ನುಗಳ ಡಬ್ಬ ಹುಡುಕಿ ತೆಗೆದಳು.

'ಅದಕ್ಕೆ ಏನಂದೆ?' ಎಂದ.

'ಇಲ್ಲ ಅಂದೆ.'

'ಏನು ಇಲ್ಲ?'

'ಒಪ್ಪಿಗೆ ಇಲ್ಲ ಅಂದೆ.'

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. 'ಇದರ ಅರ್ಥ ಗೊತ್ತಾ ನಿನಗೆ?' ಎಂದ ಅವನು. 'ನಾನು ಆ ಮನೆಯೊಳಗೆ ಒಂದು ದಿನ ಕಾಲಿಟ್ಟರೂ...'

'ಗೊತ್ತು. ನೀವೇ ಹೇಳಿಕೊಟ್ಟಿದ್ದೀರಲ್ಲ, ಎಂಟು ಸಲ.'

ಅವನು ಪೆನ್ನು ಹಿಡಿದು ಕೂತ. ಹೌದು ಎಂದು ಬರೆಯಬಹುದು. ಎರಡೇ ಅಕ್ಷರ. ತನಿಖೆಯವನ ಪುಸ್ತಕಕ್ಕೆ ತಾಳೆ ಬೀಳದೆ ಅರ್ಜಿ ವಾಪಸು ಬರುತ್ತದೆ. ತಿಂಗಳ ಕೊನೆಗೆ ನೀರು ನಿಲ್ಲುತ್ತದೆ. ನಾಲ್ಕೂ ಜನ ಸಾಮಾನು ಹೊತ್ತುಕೊಂಡು ಬೀದಿಗೆ ಬರುತ್ತಾರೆ, ಪಟ್ಟಿಯಲ್ಲಿ ಮತ್ತೆ ಆರುನೂರ ಹನ್ನೆರಡಕ್ಕೆ. ಆದರೆ ನಾಲ್ಕೂ ಜನ. ಒಂದು ಕ್ಷಣ ಅವನು ಅದನ್ನೇ ಬಯಸಿದ. ಮಗಳು ಪುಸ್ತಕದ ಚೀಲ ಹೊತ್ತುಕೊಂಡು ಯಾವುದೋ ಅಂಗಡಿಯ ಜಗಲಿಯ ಮೇಲೆ ಕೂತಿರುವುದು, ಹೆಂಡತಿ ಮುಂದೇನು ಎಂದು ತನ್ನ ಮುಖವನ್ನೇ ನೋಡುತ್ತಿರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಅದು ಅವನಿಗೆ ಹಿತವಾಗಿತ್ತು, ಹಿತವಾದದ್ದು ಅವನಿಗೆ ಗೊತ್ತಾಯಿತು. ಹೆಂಡತಿ ಅವಸರ ಮಾಡಲಿಲ್ಲ. ಅವನ ಮನಸ್ಸಿನಲ್ಲಿ ಏನು ಓಡುತ್ತಿದೆಯೆಂದು ಅವಳಿಗೆ ತಿಳಿದಿರಲೇಬೇಕು, ಆದರೂ ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ಕಚೇರಿಯಲ್ಲಿ ಕ್ಯೂ ನಿಂತು ರೂಢಿಯಾದವರು ಕಾಯುವ ಹಾಗೆ ಕಾಯುತ್ತಿದ್ದಳು.

'ಅಮ್ಮಾ,' ಎಂದ. 'ನೀನಾದ್ರೂ ಹೇಳು ಇವಳಿಗೆ.'

ಅಮ್ಮ ಗೋಡೆಯ ಕಡೆ ಮಲಗಿದ್ದವಳು ಈ ಕಡೆ ಮಗ್ಗುಲಾದಳು. ಪೊರೆ ಕಟ್ಟಿದ ಕಣ್ಣಿನಿಂದ ಮಗನಿರುವ ದಿಕ್ಕಿಗೆ ನೋಡಿದಳು.

'ಬರಿಯಪ್ಪ,' ಎಂದಳು. 'ಒಂದು ಗಂಟೆಗೆ ಮುಚ್ತಾರಂತೆ. ನೀನು ಗಂಡಸು, ಎಲ್ಲಾದ್ರೂ ಇರ್ತೀಯ.'

ಅವನು ಇಲ್ಲ ಎಂದು ಬರೆದ. ಕೈ ನಡುಗುತ್ತದೆ, ಅಕ್ಷರ ಕೆಡುತ್ತದೆ, ಕೆಟ್ಟರೆ ಅದೂ ಬೇರೆ ಕೈಬರಹವೆಂದು ವಾಪಸು ಬರುತ್ತದೆ ಎಂದು ಹೆದರಿದ್ದ, ಅಥವಾ ಆಸೆಪಟ್ಟಿದ್ದ. ನಡುಗಲಿಲ್ಲ. ಮೇಲಿನ ಹದಿಮೂರು ಕಾಲಂಗಳ ಸಾಲಿಗೆ ಸರಿಯಾಗಿ, ಅಷ್ಟೇ ದುಂಡಗೆ ಬಂತು. ಮಸಿ ಆರಲೆಂದು ಒಂದು ಸಲ ಊದಿದ. ಆಮೇಲೆ ಹಾಳೆಯನ್ನು ಅವಳಿಗೆ ಓದಲು ಬರುವಂತೆ ಆ ಕಡೆ ತಿರುಗಿಸಿ, ಕೆಳಗಿನ ಖಾಲಿ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ.

'ಇಲ್ಲಿ ಸಹಿ ಮಾಡಿ,' ಎಂದ.